ಒಂದು ಮಾತ್ರೆ, ಆರು ಬಾಟಲಿ ನೀರು: ಮಗಳ ಸೋಡಿಯಂ ಇಳಿದದ್ದು ಹೇಗೆ?

ಓದುಗರ ಪ್ರಶ್ನೆ

ಡಾಕ್ಟ್ರೇ, ನಮಸ್ಕಾರ. ನಾವು ಮಂಡ್ಯದವರು. ಮಗಳಿಗೆ 20 ವರ್ಷ. ಮೈಸೂರಿನಲ್ಲಿ ಪಿಜಿಯಲ್ಲಿ ಇದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹೋದ ತಿಂಗಳು ಗೆಳತಿಯ ಬರ್ತ್‌ಡೇ ಅಂತ ಊರಾಚೆ ಒಂದು ಫಾರ್ಮ್‌ಹೌಸ್‌ಗೆ ಹೋಗಿದ್ದರು. ಅಲ್ಲಿ ಯಾರೋ ಕೊಟ್ಟ ಎಕ್ಸ್‌ಟಸಿ ಅನ್ನುವ ಅಮಲಿನ ಮಾತ್ರೆ ನುಂಗಿದ್ದಾಳೆ. ಒಂದೇ ಒಂದು. ಮೈ ಬಿಸಿಯಾಗುತ್ತೆ, ನೀರು ಕುಡೀತಾ ಇರು ಅಂತ ಎಲ್ಲರೂ ಹೇಳಿದರಂತೆ. ರಾತ್ರಿಯೆಲ್ಲ ಕುಣಿದು, ಲೀಟರ್ ಬಾಟಲಿಯಲ್ಲಿ ಐದಾರು ಬಾಟಲಿ ನೀರು ಕುಡಿದಿದ್ದಾಳೆ. ಆದರೂ ಬಾತ್‌ರೂಮಿಗೆ ಹೋಗಿದ್ದು ಒಂದೇ ಸಲ ಅಂತ ಜೊತೆಗಿದ್ದ ಹುಡುಗಿ ಹೇಳಿದಳು. ಬೆಳಗಿನ ಜಾವ ತಲೆನೋವು, ವಾಂತಿ. ಆಮೇಲೆ ಸಂಬಂಧವಿಲ್ಲದ ಮಾತು. ಸುಸ್ತಿರಬೇಕು ಅಂತ ಗ್ಲೂಕೋಸ್ ನೀರು ಕುಡಿಸಿದ್ದಾರೆ. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿದ್ದಾರೆ. ಅಲ್ಲೇ ಫಿಟ್ಸ್ ಬಂದಿದೆ. ದೊಡ್ಡ ಆಸ್ಪತ್ರೆಗೆ ತಂದಾಗ ಸೋಡಿಯಂ 118 ಇತ್ತು. ಮೂರು ದಿನ ಐಸಿಯುನಲ್ಲಿದ್ದು ಈಗ ಮನೆಗೆ ಬಂದಿದ್ದಾಳೆ, ಓಡಾಡಿಕೊಂಡಿದ್ದಾಳೆ.

'ಡಯಟ್ ಡಯಟ್ ಅಂತ ಉಪ್ಪು ಬಿಟ್ಟಳು, ಅದಕ್ಕೇ ಹೀಗಾಯ್ತು' ಅಂತಾರೆ ನಮ್ಮತ್ತೆ. ಯಜಮಾನರು ಮಗಳ ಹತ್ತಿರ ಮಾತೇ ಬಿಟ್ಟಿದ್ದಾರೆ. ಜೊತೆಗಿದ್ದ ಆ ಹುಡುಗಿ ಮನೆ ಮೆಟ್ಟಿಲು ಹತ್ತಕೂಡದು ಅಂದಿದ್ದಾರೆ. ನಾನು ದಿನಾ ಎರಡು ಪ್ಯಾಕೆಟ್ ಓಆರ್‌ಎಸ್ ಕುಡಿಸುತ್ತಿದ್ದೇನೆ. ಮಗನಿಗೆ 10 ವರ್ಷ. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಒಂದು ವರ್ಷದಿಂದ ಮೀಥೈಲ್‌ಫೆನಿಡೇಟ್ ಕೊಡುತ್ತಿದ್ದೆವು. ಅದೂ ಎಕ್ಸ್‌ಟಸಿಯ ಹಾಗೆ ಸ್ಟಿಮ್ಯುಲೆಂಟ್ (ಉತ್ತೇಜಕ) ಜಾತಿಯದೇ ಅಂತ ಗೊತ್ತಾಗಿ ಹತ್ತು ದಿನದಿಂದ ನಿಲ್ಲಿಸಿದ್ದೇನೆ. ಮಗಳ ಆತಂಕಕ್ಕೆ ಎಸಿಟಾಲೋಪ್ರಾಮ್ ಶುರು ಮಾಡೋಣ ಅಂತ ಮನೋವೈದ್ಯರು ಹೇಳಿದ್ದಾರೆ. ನನಗೆ ಮಾತ್ರೆ ಅಂದರೇನೇ ಕೈ ನಡುಗುತ್ತೆ. ಒಂದು ಮಾತ್ರೆಯಿಂದ ಇಷ್ಟೆಲ್ಲ ಆಗುತ್ತಾ? ಮುಂದೆ ಏನು ಮಾಡಲಿ?

ಒಬ್ಬ ತಾಯಿ, ಮಂಡ್ಯ

ಉತ್ತರ

ನಮಸ್ಕಾರ ಅಮ್ಮ. ಸೋಡಿಯಂ 118ಕ್ಕೆ ಇಳಿದು, ಫಿಟ್ಸ್ ಬಂದ ಹುಡುಗಿ ಈಗ ಮನೆಯಲ್ಲಿ ಓಡಾಡಿಕೊಂಡಿದ್ದಾಳೆ. ಮೊದಲು ಆ ಸಮಾಧಾನವನ್ನು ಇಟ್ಟುಕೊಳ್ಳಿ. ಎಲ್ಲರಿಗೂ ಹೀಗೆ ಆಗುವುದಿಲ್ಲ.

ನಾನು ಮೈಸೂರಿನಲ್ಲಿ ಕಿಡ್ನಿ ವೈದ್ಯ. ಸೋಡಿಯಂ ಲೋ ಆಗಿ ಬರುವವರಲ್ಲಿ ಜಾಸ್ತಿ ಮಂದಿ ಅಜ್ಜ ಅಜ್ಜಿಯರು. ಒಬ್ಬರಿಗೆ ಬಿಪಿ ಮಾತ್ರೆಯಿಂದ ಆಗಿರುತ್ತದೆ, ಇನ್ನೊಬ್ಬರಿಗೆ ವಾಂತಿ ಭೇದಿಯಿಂದ. ಆದರೆ ಇಪ್ಪತ್ತರ ಆಸುಪಾಸಿನವರು ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗ್ಗೆ ಹೀಗೆ ಬಂದರೆ ನಮ್ಮ ಮೊದಲ ಪ್ರಶ್ನೆಯೇ ಬೇರೆ. 'ಏನು ತಗೊಂಡಿದ್ರಿ?' ಅಂತ ಕೇಳುತ್ತೇವೆ. ಬೈಯೋಕಲ್ಲ. ಉತ್ತರ ಸಿಕ್ಕಿದರೆ ಚಿಕಿತ್ಸೆಯ ದಾರಿ ಬದಲಾಗುತ್ತದೆ.

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದು ಇವೆ, ಭಯ ಮಾತ್ರ ಒಂದೇ. ಒಂದು ಮಾತ್ರೆ ಇಷ್ಟು ಮಾಡಿತು ಅಂದರೆ, ಮಗನಿಗೆ ನನ್ನ ಕೈಯಾರೆ ದಿನಾ ಕೊಟ್ಟ ಮಾತ್ರೆ ಏನು ಮಾಡಿರಬಹುದು? ಅದಕ್ಕೆ ಉತ್ತರ ಕೊಡುತ್ತೇನೆ. ಆದರೆ ಮಗಳ ಮೈಯಲ್ಲಿ ಅವತ್ತು ರಾತ್ರಿ ಏನಾಯಿತು ಅಂತ ತಿಳಿದರೆ ಮಗನ ವಿಷಯ ತಾನಾಗೇ ಬಿಡಿಸಿಕೊಳ್ಳುತ್ತದೆ.

ಅತ್ತೆಯವರ ಮಾತಿನಿಂದ ಶುರು ಮಾಡುತ್ತೇನೆ. ಸೋಡಿಯಂ ಅಂದರೆ ಉಪ್ಪು, ಸೋಡಿಯಂ ಲೋ ಅಂದರೆ ಉಪ್ಪು ಕಮ್ಮಿ ತಿಂದಿದ್ದಾರೆ ಅನ್ನುವುದು ಎಲ್ಲರ ನಂಬಿಕೆ. ಹೊರರೋಗಿ ವಿಭಾಗದಲ್ಲಿ ನಾನು ಈ ಮಾತು ಕೇಳದ ದಿನ ಇಲ್ಲ. ಆದರೆ ರಿಪೋರ್ಟ್‌ನಲ್ಲಿ ಬರುವ ಅಂಕಿ, ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಅಂತ ಹೇಳುವುದಿಲ್ಲ. ಇರುವ ನೀರಿನಲ್ಲಿ ಉಪ್ಪು ಎಷ್ಟು ಗಟ್ಟಿಯಾಗಿದೆ, ಎಷ್ಟು ತೆಳ್ಳಗಾಗಿದೆ ಅಂತ ಹೇಳುತ್ತದೆ. ನೀವು ಬಸ್ಸಾರಿಗೆ ಹದವಾಗಿ ಉಪ್ಪು ಹಾಕಿದ್ದೀರಿ ಅಂದುಕೊಳ್ಳಿ. ಅಷ್ಟರಲ್ಲಿ ನೆಂಟರು ಬಂದರು ಅಂತ ಎರಡು ಚೊಂಬು ನೀರು ಸುರಿದಿರಿ. ಸಾರು ಸಪ್ಪೆಯಾಯಿತು. ಪಾತ್ರೆಯಲ್ಲಿದ್ದ ಉಪ್ಪು ಎಲ್ಲಿಗೂ ಹೋಗಿಲ್ಲ, ಅಲ್ವಾ? ನಿಮ್ಮ ಮಗಳಿಗೆ ಆದದ್ದೂ ಬಹುಪಾಲು ಇದೇ.

ಸ್ವಲ್ಪ ಲೆಕ್ಕ ಹಾಕೋಣ. ರಕ್ತದಲ್ಲಿ ಸೋಡಿಯಂ 135ರಿಂದ 145ರ ಒಳಗಿರಬೇಕು. ಮಗಳ ತೂಕ 52 ಕೆಜಿ ಅಂತ ಇಟ್ಟುಕೊಳ್ಳಿ. ಹೆಂಗಸರ ಮೈಯಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. ಅಂದರೆ 26 ಲೀಟರ್. ಸೋಡಿಯಂ 140 ಇತ್ತು ಅನ್ನೋಣ. ಕುಡಿದ ನೀರಿನಲ್ಲಿ 4 ಲೀಟರ್ ಹೊರಗೆ ಹೋಗದೆ ಒಳಗೇ ಉಳಿದರೆ 26 ಇದ್ದದ್ದು 30 ಆಯಿತು. ಉಪ್ಪು ಅಷ್ಟೇ ಇದೆ. ಸೋಡಿಯಂ 121ಕ್ಕೆ ಬಂತು. ಕುಣಿದಾಗ ಬೆವರಿನಲ್ಲಿ ಒಂದಷ್ಟು ಉಪ್ಪು ಹೋಗಿರುತ್ತದೆ. ಅದನ್ನೂ ಸೇರಿಸಿ. 118 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಕಾಣುತ್ತದೆ. ಇದರಲ್ಲಿ ಡಯಟ್‌ನ ಪಾಲು ಇಲ್ಲವೇ ಇಲ್ಲ ಅನ್ನಬಹುದು. ಒಂದೇ ರಾತ್ರಿಯಲ್ಲಿ ಸೋಡಿಯಂ ಇಷ್ಟು ಇಳಿಯಬೇಕಾದರೆ ನೀರೇ ಕಾರಣವಾಗಬೇಕು.

ಹಾಗಾದರೆ ನೀರು ಹೊರಗೆ ಯಾಕೆ ಹೋಗಲಿಲ್ಲ? ಗಟ್ಟಿಮುಟ್ಟಾದ ಕಿಡ್ನಿ ಬೇಕೆಂದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ಹೊರಗೆ ಹಾಕಬಲ್ಲದು. ರಾತ್ರಿಯೆಲ್ಲ ಆರು ಬಾಟಲಿ ಅದಕ್ಕೆ ದೊಡ್ಡ ಕೆಲಸವೇ ಅಲ್ಲ. ಮಾತ್ರೆ ಕೈ ಹಾಕಿದ್ದು ಇಲ್ಲೇ.

ಮಂಡ್ಯದವರಿಗೆ ಇದನ್ನು ಕೆಆರ್‌ಎಸ್ ಇಟ್ಟುಕೊಂಡು ಹೇಳುವುದು ಸುಲಭ. ಮಳೆಗಾಲದಲ್ಲಿ ಪೇಪರ್ ತೆಗೆದ ಕೂಡಲೇ ನೀವು ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ನೋಡುತ್ತೀರಿ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಕೊಡಗಿನಲ್ಲಿ ಮಳೆ ಜೋರಾಗಿ ಕಟ್ಟೆ ತುಂಬುತ್ತಾ ಬಂದರೆ ಗೇಟ್ ಎತ್ತಿ ನೀರು ಬಿಡುತ್ತಾರೆ. ನಮ್ಮ ಮೈಯಲ್ಲೂ ಒಂದು ಗೇಟ್ ಇದೆ. ಅದನ್ನು ಎತ್ತುವುದು, ಇಳಿಸುವುದು ಮಿದುಳಿನಿಂದ ಬರುವ ಎಡಿಎಚ್ ಅನ್ನುವ ಹಾರ್ಮೋನ್. ನೀರು ಜಾಸ್ತಿಯಾದರೆ ಎಡಿಎಚ್ ನಿಲ್ಲುತ್ತದೆ, ಗೇಟ್ ತೆರೆಯುತ್ತದೆ, ಮೂತ್ರ ತಿಳಿಯಾಗಿ ಹೋಗುತ್ತದೆ. ನೀರು ಕಮ್ಮಿಯಾದರೆ ಎಡಿಎಚ್ ಬರುತ್ತದೆ, ಗೇಟ್ ಮುಚ್ಚುತ್ತದೆ, ಮೂತ್ರ ಹಳದಿಯಾಗಿ ಸ್ವಲ್ಪವೇ ಬರುತ್ತದೆ.

ಎಕ್ಸ್‌ಟಸಿ ಮಾತ್ರೆಯಲ್ಲಿರುವ ಎಂಡಿಎಂಎ, ಮಿದುಳಿನಲ್ಲಿ ಸಿರೊಟೋನಿನ್ ಅನ್ನುವ ರಾಸಾಯನಿಕವನ್ನು ಒಮ್ಮೆಲೇ ಸುರಿಸುತ್ತದೆ. ಆ ಖುಷಿ, ಆ ಉತ್ಸಾಹ ಎಲ್ಲ ಅದರದೇ. ಆದರೆ ಅದೇ ಸಿರೊಟೋನಿನ್ ಎಡಿಎಚ್‌ಗೂ 'ಬಾ' ಅಂತ ಕರೆ ಕೊಡುತ್ತದೆ. ಕಟ್ಟೆ ತುಂಬುತ್ತಿದ್ದರೂ ಗೇಟ್ ಇಳಿಸಿದ ಹಾಗೆ. ಒಳಹರಿವು ಜೋರು, ಹೊರಹರಿವು ಬಂದ್. ಐದಾರು ಲೀಟರ್ ಕುಡಿದವಳು ಬಾತ್‌ರೂಮಿಗೆ ಒಂದೇ ಸಲ ಹೋದಳು ಅಂತ ಬರೆದಿರಲ್ಲ, ನಿಮ್ಮ ಇಡೀ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಅದು. ಅವತ್ತು ಕ್ಲಿನಿಕ್‌ನಲ್ಲಿ ಯಾರಾದರೂ ಅದನ್ನು ಹೇಳಿದ್ದರೆ, ಕೇಳಿದ್ದರೆ, ಆ ಡ್ರಿಪ್ ಬಹುಶಃ ಏರುತ್ತಿರಲಿಲ್ಲ.

ಇನ್ನೊಂದು ಕಡೆಯಿಂದ ಮಾತ್ರೆ ಬಾಯಿ ಒಣಗಿಸುತ್ತದೆ, ಮೈ ಕಾಯಿಸುತ್ತದೆ, ಬೆವರಿಳಿಸುತ್ತದೆ. ಬಾಯಾರಿಕೆ ತಡೆಯೋಕಾಗಲ್ಲ. ಸುತ್ತ ಇದ್ದವರೂ 'ನೀರು ಕುಡಿ, ನೀರು ಕುಡಿ' ಅಂತಾರೆ. ಈ ಸಲಹೆ ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಎಕ್ಸ್‌ಟಸಿ ನುಂಗಿ ಗಂಟೆಗಟ್ಟಲೆ ಕುಣಿದವರು ಮೈ ಕಾದು ಸತ್ತದ್ದನ್ನು ಪಶ್ಚಿಮದ ದೇಶಗಳು ನೋಡಿದ್ದವು. ನೀರು ಕುಡಿಯಿರಿ ಅನ್ನುವ ಮಾತು ಅಲ್ಲಿಂದ ಹುಟ್ಟಿತು. ಎಷ್ಟು ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಬಿಟ್ಟುಹೋಯಿತು. 1995ರ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಹುಡುಗಿಯೊಬ್ಬಳು ತನ್ನ 18ನೇ ಹುಟ್ಟುಹಬ್ಬಕ್ಕೆ ಒಂದು ಎಕ್ಸ್‌ಟಸಿ ಮಾತ್ರೆ ನುಂಗಿ, ಒಂದೂವರೆ ಗಂಟೆಯೊಳಗೆ ಸುಮಾರು 7 ಲೀಟರ್ ನೀರು ಕುಡಿದಳು. ಕೋಮಾಕ್ಕೆ ಹೋದವಳು ಎದ್ದು ಬರಲಿಲ್ಲ. ಮಾತ್ರೆಯಲ್ಲಿ ವಿಷ ಇತ್ತು ಅಂತ ಮೊದಲು ಎಲ್ಲರೂ ಅಂದುಕೊಂಡರು. ಆದರೆ ಅವಳ ಮಿದುಳು ನೀರಿನಿಂದ ಊದಿತ್ತು.

ಮಾತ್ರೆ ಇಲ್ಲದೆಯೂ ಹೀಗಾಗುತ್ತದೆ. 2002ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ನೋಡಿದಾಗ, 13 ಪರ್ಸೆಂಟ್ ಮಂದಿಗೆ ಸೋಡಿಯಂ 135 ಅಥವಾ ಅದಕ್ಕಿಂತ ಕಮ್ಮಿ ಇತ್ತು. ದಾರಿಯುದ್ದಕ್ಕೂ ನೀರು ಕುಡಿದು, ಓಡುವಾಗ ತೂಕ ಏರಿಸಿಕೊಂಡವರಲ್ಲಿ ಇದು ಜಾಸ್ತಿ. ಅವರಿಗೆ ಗೇಟ್ ಅರ್ಧ ಮುಚ್ಚಿದ್ದರೆ ನಿಮ್ಮ ಮಗಳಿಗೆ ಪೂರ್ತಿ ಮುಚ್ಚಿತ್ತು.

ನೀರು ಮೈಯಲ್ಲಿ ಎಲ್ಲೇ ನಿಂತರೂ ಸ್ವಲ್ಪ ಊತ ಬರುತ್ತದೆ, ಇಳಿಯುತ್ತದೆ. ಮಿದುಳಿಗೆ ಆ ಅನುಕೂಲ ಇಲ್ಲ. ಸುತ್ತ ತಲೆಬುರುಡೆ, ಊದಿಕೊಳ್ಳೋಕೆ ಜಾಗವಿಲ್ಲ. ಮೊದಲು ತಲೆನೋವು, ವಾಕರಿಕೆ. ಆಮೇಲೆ ವಾಂತಿ, ಗೊಂದಲ, ಸಂಬಂಧವಿಲ್ಲದ ಮಾತು. ಆಮೇಲೆ ಫಿಟ್ಸ್, ಕೋಮಾ. ನಿಧಾನವಾಗಿ ಇಳಿದರೆ ಮಿದುಳು ಎರಡು ದಿನದಲ್ಲಿ ಹೇಗೋ ಹೊಂದಿಕೊಳ್ಳುತ್ತದೆ. ಅದಕ್ಕೇ 118 ಇಟ್ಟುಕೊಂಡು ಮೊಮ್ಮಗನ ಜೊತೆ ಸ್ಕೂಟರ್‌ನಲ್ಲಿ ಬಂದು ನನ್ನೆದುರು ಕೂತು ಮಾತಾಡಿದ ಅಜ್ಜಿಯರಿದ್ದಾರೆ. ಒಂದೇ ರಾತ್ರಿಯಲ್ಲಿ ಇಳಿದರೆ ಆ ಕಾಲಾವಕಾಶ ಸಿಗುವುದಿಲ್ಲ.

ಈಗ ಗ್ಲೂಕೋಸ್ ವಿಷಯ. ಇದನ್ನು ನಾನು ಬಿಡಿಸಿ ಹೇಳಲೇಬೇಕು. ಸುಸ್ತಾದರೆ ಗ್ಲೂಕೋಸ್ ಹಾಕಿಸೋದು ನಮ್ಮ ಕಡೆ ಅಭ್ಯಾಸವಾಗಿಬಿಟ್ಟಿದೆ. ಡಾಕ್ಟರ್ ಬೇಡ ಅಂದರೂ 'ಒಂದು ಬಾಟ್ಲು ಹಾಕಿ ಸಾರ್, ಶಕ್ತಿ ಬರುತ್ತೆ' ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ. 5 ಪರ್ಸೆಂಟ್ ಗ್ಲೂಕೋಸ್ ಡ್ರಿಪ್‌ನಲ್ಲಿ ಇರುವುದು ಸಕ್ಕರೆ ಮತ್ತು ನೀರು. ಸಕ್ಕರೆಯನ್ನು ಮೈ ಬಳಸಿಕೊಳ್ಳುತ್ತದೆ. ಉಳಿಯುವುದು ಬರೀ ನೀರು. ಗೇಟ್ ಮುಚ್ಚಿರುವಾಗ ಅದು ಕಟ್ಟೆಗೆ ಇನ್ನಷ್ಟು ಒಳಹರಿವು. ಸಾಮಾನ್ಯ ಸಲೈನ್ ಕೂಡ ಇಂಥ ಹೊತ್ತಿನಲ್ಲಿ ನಂಬಿಕೆಗೆ ಅರ್ಹವಲ್ಲ. ಎಡಿಎಚ್ ಜೋರಾಗಿದ್ದರೆ ಕಿಡ್ನಿ ಸಲೈನ್‌ನ ಉಪ್ಪನ್ನು ಹೊರಗೆ ಹಾಕಿ ನೀರನ್ನು ಉಳಿಸಿಕೊಳ್ಳುತ್ತದೆ. ಆ ಕ್ಲಿನಿಕ್‌ನವರು ಬೇಕೆಂದು ಮಾಡಲಿಲ್ಲ. ರಾತ್ರಿಯೆಲ್ಲ ಕುಣಿದು, ವಾಂತಿ ಮಾಡಿಕೊಂಡ ಹುಡುಗಿ ಬಂದರೆ ನೀರು ಕಮ್ಮಿಯಾಗಿದೆ ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಮಾತ್ರೆಯ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ನನ್ನ ಊಹೆ.

ದೊಡ್ಡ ಆಸ್ಪತ್ರೆಯಲ್ಲಿ ಮಾಡಿದ್ದು ಏನಿರಬೇಕು ಅಂದರೆ, 3 ಪರ್ಸೆಂಟ್ ಸಲೈನ್. ಮಾಮೂಲಿ ಸಲೈನ್‌ಗಿಂತ ಮೂರು ಪಟ್ಟಿಗೂ ಜಾಸ್ತಿ ಉಪ್ಪಿರುವಂಥದ್ದು. 100ರಿಂದ 150 ಎಂಎಲ್‌ನಷ್ಟನ್ನು ಹತ್ತಿಪ್ಪತ್ತು ನಿಮಿಷದಲ್ಲಿ ಕೊಡುತ್ತಾರೆ. ಬೇಕಾದರೆ ಇನ್ನೊಂದೆರಡು ಸಲ. ಸೋಡಿಯಂ ನಾಲ್ಕರಿಂದ ಆರು ಅಂಕಿ ಏರಿದರೆ ಸಾಕು, ಮಿದುಳಿನ ಊತ ಇಳಿಯಲು ಶುರುವಾಗುತ್ತದೆ. ಆಮೇಲೆ ಅವಸರ ಮಾಡಬಾರದು. ದಿನಕ್ಕೆ ಎಂಟರಿಂದ ಹತ್ತು ಅಂಕಿಗಿಂತ ಜಾಸ್ತಿ ಏರದ ಹಾಗೆ ಗಂಟೆಗಟ್ಟಲೆ ಕಾಯುತ್ತೇವೆ. ಬೇಗ ಏರಿಸಿದರೆ ಮಿದುಳಿನ ನರಗಳ ಹೊದಿಕೆಗೆ ಪೆಟ್ಟು ಬೀಳುವ ಇನ್ನೊಂದು ಕಾಯಿಲೆ ಇದೆ. ಅದು ಎರಡು ದಿನದಿಂದ ಒಂದು ವಾರದೊಳಗೆ ತೋರಿಸಿಕೊಳ್ಳುತ್ತದೆ: ಮಾತು ತೊದಲುವುದು, ನುಂಗೋಕೆ ಕಷ್ಟ, ಕೈಕಾಲು ಸೋಲುವುದು. ತಿಂಗಳಾದರೂ ಮಗಳಿಗೆ ಇದ್ಯಾವುದೂ ಇಲ್ಲ ಅಂದಮೇಲೆ ಆ ಚಿಂತೆ ಬಿಡಿ. ಐಸಿಯುನಲ್ಲಿ 'ಮೂರು ದಿನ ಯಾಕೆ, ಬೇಗ ಸರಿ ಮಾಡಿ' ಅಂತ ಜಗಳ ಆಡುವವರಿಗೂ ಇದೇ ಉತ್ತರ.

'ಒಂದೇ ಮಾತ್ರೆಗಾ?' ಅಂತ ಕೇಳಿದ್ದೀರಿ. ಹೌದು. ಇದು ಓವರ್‌ಡೋಸ್‌ನಿಂದ ಮಾತ್ರ ಆಗುವುದಲ್ಲ, ಚಟ ಇರುವವರಿಗೆ ಮಾತ್ರ ಆಗುವುದೂ ಅಲ್ಲ. ಮೊದಲ ಸಲ, ಒಂದೇ ಮಾತ್ರೆ ನುಂಗಿದವರಿಗೂ ಆಗಿದೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಅಪಾಯ ಜಾಸ್ತಿ. ಗಂಡಸರಿಗಿಂತ ಮೈಯಲ್ಲಿ ನೀರಿನ ಪಾಲು ಕಮ್ಮಿ ಇರುವುದರಿಂದ ಅಷ್ಟೇ ನೀರು ಕುಡಿದರೂ ಸೋಡಿಯಂ ಹೆಚ್ಚು ಇಳಿಯುತ್ತದೆ. ಮಿದುಳು ಊತವನ್ನು ತಡೆದುಕೊಳ್ಳುವ ಶಕ್ತಿಯನ್ನು ಹೆಣ್ಣಿನ ಹಾರ್ಮೋನ್ ಕುಗ್ಗಿಸುತ್ತದೆ. ಜೊತೆಗೆ, ಆ ಮಾತ್ರೆಯಲ್ಲಿ ಏನಿತ್ತು ಅಂತ ಕೊಟ್ಟವನಿಗೂ ಗೊತ್ತಿರುವುದಿಲ್ಲ. ಎಂಡಿ ಅಂತ ಕರೆಯುವ ಮೆಫೆಡ್ರೋನ್ ಅನ್ನುವ ಬೇರೆ ಅಮಲಿನ ಪದಾರ್ಥವೂ ಇದ್ದಿರಬಹುದು. ಅದು ನಮ್ಮ ದೇಶದಲ್ಲಿ 2015ರಿಂದ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಅದು ಕೂಡ ಸೋಡಿಯಂ ಇಳಿಸಿದ ಉದಾಹರಣೆಗಳಿವೆ. ಮೂತ್ರದ ಸ್ಟ್ರಿಪ್ ಪರೀಕ್ಷೆಯಲ್ಲಿ ಇವೆಲ್ಲ ಸಿಕ್ಕೇ ಸಿಗುತ್ತವೆ ಅಂತಿಲ್ಲ. ರಿಪೋರ್ಟ್ ನೆಗೆಟಿವ್ ಬಂದರೂ ಹುಡುಗರು ಹೇಳಿದ ಮಾತನ್ನೇ ನಾವು ಹೆಚ್ಚು ನಂಬುವುದು ಅದಕ್ಕೆ.

ಈಗ ಮಗನಿಗೆ ಬರೋಣ. ಸ್ಟಿಮ್ಯುಲೆಂಟ್ ಅನ್ನುವ ಒಂದೇ ಹಣೆಪಟ್ಟಿ ಎರಡಕ್ಕೂ ಇದೆ, ನಿಜ. ಆದರೆ ಒಳಗಿನ ಕೆಲಸ ಬೇರೆ. ಮೀಥೈಲ್‌ಫೆನಿಡೇಟ್ ಮುಖ್ಯವಾಗಿ ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನುವ ಎರಡು ರಾಸಾಯನಿಕಗಳನ್ನು ಹಿಡಿದಿಡುತ್ತದೆ. ಸಿರೊಟೋನಿನ್ ತಂಟೆಗೆ ಹೆಚ್ಚು ಹೋಗುವುದಿಲ್ಲ. ಎಡಿಎಚ್ ಗೇಟನ್ನು ಬಲವಾಗಿ ಇಳಿಸುವುದು ಸಿರೊಟೋನಿನ್ ದಾರಿ. ಹಾಗಾಗಿ ವೈದ್ಯರು ಬರೆದ ಪ್ರಮಾಣದಲ್ಲಿ ಈ ಮಾತ್ರೆ ತಗೊಳ್ಳುವ ಮಕ್ಕಳಿಗೆ ಸೋಡಿಯಂ ಇಳಿಯುವುದು ತೀರಾ ಅಪರೂಪ. ನಾವು ಅವರಿಗೆ ಸುಮ್ನೆ ಸೋಡಿಯಂ ಟೆಸ್ಟ್ ಕೂಡ ಮಾಡಿಸುವುದಿಲ್ಲ. ಈ ಮಾತ್ರೆಯಲ್ಲಿ ಗಮನಿಸಬೇಕಾದ್ದು ಬೇರೆ: ಹಸಿವು, ನಿದ್ದೆ, ತೂಕ, ಎತ್ತರ, ನಾಡಿ, ಬಿಪಿ. ಆರು ತಿಂಗಳಿಗೊಮ್ಮೆ ಇವನ್ನು ಅಳೆದು ಬರೆದಿಡಬೇಕು.

ಹತ್ತು ದಿನ ನಿಲ್ಲಿಸಿದ್ದರಿಂದ ಅವನಿಗೆ ದೊಡ್ಡ ಅಪಾಯ ಆಗಿರಲಾರದು. ರಜೆಯಲ್ಲಿ ಕೆಲವು ಮಕ್ಕಳಿಗೆ ವೈದ್ಯರೇ ಬಿಡುವು ಕೊಡುವುದುಂಟು. ಆದರೆ ಶಾಲೆಯಿಂದ ಮತ್ತೆ ದೂರು ಬರೋಕೆ ಶುರುವಾಗಿರಬಹುದು. ಮನೆಯಲ್ಲಿ ಅಕ್ಕನ ಗಲಾಟೆಯ ನಡುವೆ ಅವನ ಕಷ್ಟ ಯಾರ ಕಣ್ಣಿಗೂ ಬೀಳದಿರಬಹುದು. ಅವನ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ನಿಲ್ಲಿಸಿದ್ದನ್ನು ಹೇಳಿ, ಮತ್ತೆ ಹೇಗೆ ಶುರು ಮಾಡಬೇಕು ಅಂತ ಕೇಳಿ. ಒಂದು ವಿಷಯ ಮಾತ್ರ ಮರೆಯದೆ ಕೇಳಿ. ಎಡಿಎಚ್‌ಡಿ ಇರುವ ಕೆಲವು ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಡೆಸ್ಮೊಪ್ರೆಸಿನ್ ಅನ್ನುವ ಮಾತ್ರೆ ಕೊಡುವುದುಂಟು. ಅದು ಎಡಿಎಚ್‌ನ ತದ್ರೂಪು, ಗೇಟ್ ಇಳಿಸುವುದೇ ಅದರ ಕೆಲಸ. ಅದನ್ನು ತಗೊಂಡ ಮಗು ಮಲಗುವ ಮುಂಚೆ ಹೊಟ್ಟೆ ತುಂಬ ನೀರು ಕುಡಿಯಬಾರದು. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್, ಆಕ್ಸ್‌ಕಾರ್ಬಜೆಪಿನ್ ಕೂಡ ಸೋಡಿಯಂ ಇಳಿಸುತ್ತವೆ. ನಿಮ್ಮ ಮಗನಿಗೆ ಇವು ಯಾವುದೂ ಇಲ್ಲದಿದ್ದರೆ ನಿಶ್ಚಿಂತೆಯಿಂದಿರಿ.

ಆದರೆ ಆ ಮಾತ್ರೆಗಳ ಸ್ಟ್ರಿಪ್ ಬೀಗ ಹಾಕಿದ ಕಡೆ ಇರಲಿ, ಎಣಿಕೆ ನಿಮಗೆ ಗೊತ್ತಿರಲಿ. ಪರೀಕ್ಷೆ ಹತ್ತಿರ ಬಂದರೆ ನಿದ್ದೆಗೆಟ್ಟು ಓದೋಕೆ ಅಂತ ತಮ್ಮನ ಮಾತ್ರೆ ಎತ್ತಿಕೊಂಡ ಅಕ್ಕ ಅಣ್ಣಂದಿರನ್ನು ನೋಡಿದ್ದೇನೆ. ನಿಮ್ಮ ಮಗಳು ಹಾಗೆ ಮಾಡುತ್ತಾಳೆ ಅಂತಲ್ಲ. ಗೆಳೆಯರು ಮನೆಗೆ ಬರುತ್ತಾರೆ, ಮೇಜಿನ ಮೇಲೆ ಸ್ಟ್ರಿಪ್ ಇರುತ್ತದೆ.

ಎಸಿಟಾಲೋಪ್ರಾಮ್ ವಿಷಯದಲ್ಲಿ ನಿಮ್ಮ ಹೆದರಿಕೆಗೆ ಅರ್ಥ ಇದೆ. ಅದು ಸಿರೊಟೋನಿನ್ ದಾರಿಯ ಮಾತ್ರೆಯೇ. ಸೋಡಿಯಂ ಇಳಿಸಬಲ್ಲದು. ಹಾಗೆ ಆಗುವುದು ಹೆಚ್ಚಾಗಿ ವಯಸ್ಸಾದವರಿಗೆ, ಅದರಲ್ಲೂ ಹೈಡ್ರೋಕ್ಲೋರೋಥಯಝೈಡ್‌ನಂಥ ಬಿಪಿ ಮಾತ್ರೆ ತಗೊಳ್ಳುವವರಿಗೆ, ಮೊದಲ ಕೆಲವು ವಾರಗಳಲ್ಲಿ. (ನಿಮ್ಮತ್ತೆಯವರು ಬಿಪಿಗೆ ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಒಮ್ಮೆ ನೋಡಿಬಿಡಿ.) ಇಪ್ಪತ್ತರ ಹುಡುಗಿಗೆ ಆ ಅಪಾಯ ಕಮ್ಮಿ. ಹಾಗಂತ ಕಣ್ಣು ಮುಚ್ಚಿ ಶುರು ಮಾಡುವುದೂ ಬೇಡ. ಮನೋವೈದ್ಯರಿಗೆ 118ರ ರಿಪೋರ್ಟ್ ತೋರಿಸಿ. ಶುರು ಮಾಡುವ ಮುಂಚೆ ಒಂದು ಸೋಡಿಯಂ ಟೆಸ್ಟ್, ಶುರು ಮಾಡಿದ ಒಂದೆರಡು ವಾರಕ್ಕೆ ಇನ್ನೊಂದು. ಆತಂಕ ಸೌಮ್ಯವಾಗಿದ್ದರೆ ಮಾತ್ರೆ ಇಲ್ಲದೆ ಕೌನ್ಸೆಲಿಂಗ್‌ನಿಂದಲೇ ಶುರು ಮಾಡಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಬಿಡದೆ ಹೋಗಬೇಕು. ಮಾತ್ರೆ ಬೇಕೇ ಬೇಕು ಅಂತಾದರೆ, ಸೋಡಿಯಂ ಮೇಲೆ ಕಮ್ಮಿ ಪ್ರಭಾವ ಬೀರುವ ಬೇರೆ ಮಾತ್ರೆಗಳೂ ಇವೆ. ಅವರು ಆರಿಸಿಕೊಡುತ್ತಾರೆ. ಇನ್ನೊಂದು ಮಾತನ್ನು ಮಗಳಿಗೆ ಅವರ ಬಾಯಿಂದಲೇ ಹೇಳಿಸಿ. ಈ ಮಾತ್ರೆ ತಗೊಳ್ಳುವಾಗ ಎಕ್ಸ್‌ಟಸಿಯ ಅಮಲು ಮಂಕಾಗುತ್ತದೆ. ಅದರಿಂದ ಕೆಲವರು ಇನ್ನೊಂದು, ಮತ್ತೊಂದು ನುಂಗುತ್ತಾರೆ. ಎರಡೂ ಸೇರಿ ಸಿರೊಟೋನಿನ್ ಮಿತಿ ಮೀರಿದರೆ ಜ್ವರ, ನಡುಕ, ಮೈ ಸೆಟೆದುಕೊಳ್ಳುವುದು ಶುರುವಾಗಿ ಪ್ರಾಣಕ್ಕೇ ಬರುತ್ತದೆ.

ದಿನಾ ಓಆರ್‌ಎಸ್ ಬೇಡ. ನಿಲ್ಲಿಸಿ. ಅವಳ ಮೈಯಲ್ಲಿ ಉಪ್ಪಿನ ಕೊರತೆ ಇಲ್ಲ. ಮಾತ್ರೆ ಇಳಿದ ಮೇಲೆ ಗೇಟ್ ತಾನಾಗೇ ತೆರೆದುಕೊಂಡಿದೆ. ಓಆರ್‌ಎಸ್ ಇರುವುದು ಭೇದಿಗೆ. ಲೀಟರಿಗೆ 75ರಷ್ಟು ಸೋಡಿಯಂ ಇರುತ್ತದೆ, ರಕ್ತದಲ್ಲಿ ಇರುವುದರ ಅರ್ಧ. ಅಂದರೆ ಗೇಟ್ ಮುಚ್ಚಿರುವ ಹೊತ್ತಿನಲ್ಲಿ ಓಆರ್‌ಎಸ್ ಆದರೂ ಲೀಟರ್‌ಗಟ್ಟಲೆ ಕುಡಿಸಿದರೆ ಸೋಡಿಯಂ ಇಳಿಯಬಹುದು. ಮದ್ದೂರಿನ ಎಳನೀರೂ ಅಷ್ಟೇ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬಿಸಿಲಿಗೆ ಒಂದು ಕುಡಿಯಲಿ, ಔಷಧಿ ಅಂತ ಬೇಡ. ಬಾಯಾರಿದಾಗ ನೀರು, ಮನೆ ಊಟ, ಎಲ್ಲರಿಗೂ ಹಾಕುವಷ್ಟೇ ಉಪ್ಪು. ಮೊದಲ ವಾರ ಕಳೆದ ಮೇಲೆ ಸೋಡಿಯಂ ನೋಡಿಸಿಲ್ಲ ಅಂದರೆ ಒಂದು ಸಲ ನೋಡಿಸಿ. 135ರ ಮೇಲಿದ್ದರೆ ಮುಗಿಯಿತು. ಕಮ್ಮಿಯೇ ಇದ್ದರೆ ಥೈರಾಯ್ಡ್, ಕಾರ್ಟಿಸೋಲ್ ಅನ್ನುವ ಹಾರ್ಮೋನ್‌ಗಳನ್ನು ನೋಡಬೇಕಾಗುತ್ತದೆ, ಆಗ ಬನ್ನಿ.

ಮಗಳ ಜೊತೆ ಮಾತಾಡುವಾಗ ನನ್ನ ಅನುಭವದ ಒಂದು ಮಾತು ನೆನಪಿಟ್ಟುಕೊಳ್ಳಿ. 'ಇನ್ನು ಹೊರಗೆ ಕಾಲಿಡಬೇಡ' ಅಂದರೆ ಮುಂದಿನ ಸಲ ಏನಾದರೂ ಆದಾಗ ನಿಮಗೆ ಫೋನ್ ಬರುವುದಿಲ್ಲ. ಅವಳಿಗೆ ಅವಳ ರಿಪೋರ್ಟ್ ತೋರಿಸಿ, ಮೇಲಿನ ಲೆಕ್ಕ ಹಾಕಿ ತೋರಿಸಿ. ಇಂಜಿನಿಯರಿಂಗ್ ಓದುವ ಹುಡುಗಿ, ಲೆಕ್ಕ ಅವಳಿಗೆ ಅರ್ಥವಾಗುತ್ತದೆ. ಒಮ್ಮೆ ಹೀಗಾದವಳು ಮತ್ತೆ ಅದೇ ಮಾತ್ರೆ ನುಂಗಿದರೆ ಮತ್ತೆ ಹೀಗೇ ಆಗಬಹುದು. ಅವಳ ಪಾಲಿಗೆ 'ಸ್ವಲ್ಪ ಪರವಾಗಿಲ್ಲ' ಅನ್ನುವ ಅಳತೆ ಇಲ್ಲ. ಇದು ಮೊದಲ ಸಲ ಅಲ್ಲ ಅಂತ ಅವಳೇ ಹೇಳಿದರೆ ಕೂಗಾಡಬೇಡಿ. ಕೇಂದ್ರ ಸರ್ಕಾರದ ಮಾದಕ ವಸ್ತು ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪೊಲೀಸ್ ಹೆದರಿಕೆಯಿಂದ ಆಸ್ಪತ್ರೆಗೇ ಹೋಗದವರಿದ್ದಾರೆ, ಅದಕ್ಕೇ ಇದನ್ನೂ ಬರೆಯುತ್ತೇನೆ. ಇಂಥ ಕೇಸನ್ನು ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಕೇಸು) ಅಂತ ದಾಖಲಿಸಬಹುದು. ಅದರಿಂದ ಚಿಕಿತ್ಸೆ ನಿಲ್ಲುವುದಿಲ್ಲ. ಚಟಕ್ಕೆ ಬಿದ್ದವರು ತಾವಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ ಕೊಡುವ 64ಎ ಕಲಂ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ.

ಮಗಳ ಗೆಳೆಯರೂ ಇದನ್ನು ಓದಬಹುದು ಅಂತ ಅವರಿಗೂ ಹೇಳುತ್ತೇನೆ. ಮಾತ್ರೆ ನುಂಗಬೇಡಿ ಅನ್ನುವುದೇ ನನ್ನ ಮೊದಲ ಮಾತು. ಆದರೆ ಯಾರೋ ಆಗಲೇ ನುಂಗಿದ್ದರೆ, ನೀರು ಪೂರ್ತಿ ಬೇಡ ಅನ್ನಬೇಡಿ, ಮೈ ಕಾದು ಸಾಯುವುದೂ ಉಂಟು. ಕುಣಿಯುತ್ತಿದ್ದರೆ ಗಂಟೆಗೆ ಅರ್ಧ ಲೀಟರ್ ಮೀರದ ಹಾಗೆ ಗುಟುಕು ಗುಟುಕಾಗಿ ಕುಡಿಯಲಿ, ಸುಮ್ನೆ ಕೂತಿದ್ದರೆ ಅದರಲ್ಲಿ ಅರ್ಧ. ಹೊರಗೆ ಗಾಳಿಗೆ ಕೂರಿಸಿ. ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆ ಹಾಕಿ, ಫ್ಯಾನ್ ಹಾಕಿ. ತಲೆನೋವು ಜೋರಾಗಿ ವಾಂತಿ ಶುರುವಾದರೆ, ಮಾತು ತಪ್ಪಿದರೆ, ಆಗ ನೀರು, ಜ್ಯೂಸ್, ಗ್ಲೂಕೋಸ್ ಎಲ್ಲ ನಿಲ್ಲಿಸಿ. 'ಮಲಗಿದ್ರೆ ಸರಿಹೋಗುತ್ತೆ' ಅಂತ ಮಲಗಿಸಿ ಬಾಗಿಲು ಹಾಕಿಕೊಂಡು ಬರಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ, 108ಕ್ಕೆ ಫೋನ್ ಮಾಡಿ, ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಎಬಿಜಿ ಅನ್ನುವ ರಕ್ತ ಪರೀಕ್ಷೆಯ ಯಂತ್ರ ಇದ್ದರೆ ಕೆಲವೇ ನಿಮಿಷದಲ್ಲಿ ಸೋಡಿಯಂ ಎಷ್ಟು ಅಂತ ಗೊತ್ತಾಗುತ್ತದೆ. ಏನು ನುಂಗಿದ್ದು, ಎಷ್ಟು ನೀರು ಕುಡಿದಿದ್ದು, ಮೂತ್ರಕ್ಕೆ ಹೋಗಿದ್ದು ಯಾವಾಗ. ಈ ಮೂರನ್ನು ಮುಚ್ಚಿಡದೆ ಹೇಳಿ.

ಕೊನೆಗೆ ನಿಮ್ಮ ಯಜಮಾನರಿಗೆ. ಸಾರ್, ಮೂತ್ರಕ್ಕೆ ಹೋಗಿದ್ದರ ಆ ಮೂರನೆಯ ಪ್ರಶ್ನೆಗೆ ಉತ್ತರ ಹೇಳಿದ್ದು ಅವತ್ತು ಜೊತೆಗಿದ್ದ ಆ ಹುಡುಗಿ. ಐದಾರು ಬಾಟಲಿ ಅಂತ ಎಣಿಸಿಕೊಂಡಿದ್ದವಳೂ ಬಹುಶಃ ಅವಳೇ. ಅವಳೂ ಇಪ್ಪತ್ತರ ಮಗು, ಪೊಲೀಸ್, ಕಾಲೇಜು, ಅಪ್ಪ ಅಮ್ಮ ಎಲ್ಲರ ಹೆದರಿಕೆ ಅವಳಿಗೂ ಇತ್ತು. ಓಡಿಹೋಗದೆ ನಿಂತು, ಕಂಡದ್ದನ್ನು ಹೇಳಿದ್ದಾಳೆ. ನಮ್ಮ ಕೆಲಸದಲ್ಲಿ ಇಂಥ ಒಬ್ಬರು ಸಿಕ್ಕಿದ ರಾತ್ರಿಗೂ ಸಿಗದ ರಾತ್ರಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವಳಿಗೆ ಒಂದು ಫೋನ್ ಮಾಡಿ, ಮನೆಗೆ ಕರೆಯಿರಿ.